ಅಸೆಸ್‌ಮೆಂಟ್: ಪಕ್ಕದಲ್ಲಿ ಕುಳಿತವನ ಲೆಕ್ಕ

'ಇಂಟರ್ನಲ್ ಅಸೆಸ್‌ಮೆಂಟ್‌ನಲ್ಲಿ ಎಷ್ಟು ಬಂತು?' ಕಾಲೇಜಿನ ಮೆಟ್ಟಿಲ ಮೇಲೆ ದಿನವೂ ಕೇಳಿಬರುವ ಪ್ರಶ್ನೆ. ಈ ಮಾತಿನ ಮೂಲದಲ್ಲಿ ಅಂಕವೂ ಇಲ್ಲ, ಬೆಲೆಯೂ ಇಲ್ಲ. ಇರುವುದು ಕುಳಿತುಕೊಳ್ಳುವ ಕ್ರಿಯೆ ಮಾತ್ರ. ಲ್ಯಾಟಿನ್ನಿನ 'ಅಸಿಡೇರೆ' ಎಂದರೆ ಪಕ್ಕದಲ್ಲಿ ಕೂರುವುದು. ರೋಮಿನಲ್ಲಿ ನ್ಯಾಯಾಧಿಕಾರಿಯ ಬದಿಯಲ್ಲಿ ಕುಳಿತು ಸಲಹೆ ಕೊಡುವವನು ಅಸೆಸರ್. ಮುಂದೆ ಹೀಗೆ ಕುಳಿತು ತೆರಿಗೆ ನಿಗದಿ ಮಾಡುವುದಕ್ಕೇ ಆ ಹೆಸರು ಬಂತು; ಹದಿನೈದನೆಯ ಶತಮಾನದಲ್ಲಿ ಇಂಗ್ಲಿಷಿಗೆ ಸೇರಿತು. ವ್ಯಕ್ತಿಯ ಯೋಗ್ಯತೆ ಅಳೆಯುವ ಅರ್ಥ ತೀರ ಈಚಿನದು, ಇಪ್ಪತ್ತನೆಯ ಶತಮಾನದ್ದು.

ನಮ್ಮ ಸೆಷನ್ಸ್ ನ್ಯಾಯಾಲಯಗಳಲ್ಲೂ 1955ರ ತಿದ್ದುಪಡಿಯವರೆಗೆ ಅಸೆಸರುಗಳೆಂಬ ಸಾಮಾನ್ಯ ನಾಗರಿಕರು ಕೂರಬಹುದಿತ್ತು. ನ್ಯಾಯಾಧೀಶರು ಅವರ ಅಭಿಪ್ರಾಯ ಕೇಳಬೇಕಿತ್ತು, ಒಪ್ಪಲೇಬೇಕೆಂದೇನೂ ಇರಲಿಲ್ಲ! 'ಸೆಷನ್ಸ್' ಕೂಡ ಅದೇ 'ಕೂರು' ಧಾತುವಿನದು.

ಈ ಪದದ ಹಳೆಯ ಅರ್ಥವನ್ನು ಕಾಣಬೇಕಾದರೆ ಹೇಮಾವತಿ ಹುಟ್ಟುವ ಜಾವಳಿಯ ಕಡೆಗೆ, ಮೂಡಿಗೆರೆ–ಕಳಸದ ಕಾಫಿ ಬೆಟ್ಟಗಳಿಗೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ಮೈಸೂರು ಸಂಸ್ಥಾನದಲ್ಲಿ ಕಾಫಿ ಭೂಮಿಗೆ ಕಂದಾಯವಿರಲಿಲ್ಲ. ಬೆಳೆದ ಕಾಫಿಯ ಮೇಲೆ 'ಹಾಲತ್' ಎಂಬ ಸುಂಕವಿತ್ತು, ಮಣಕ್ಕೆ ನಾಲ್ಕಾಣೆ. 1885ರಲ್ಲಿ ಇದನ್ನು ಕೈಬಿಟ್ಟು ಎಕರೆ ಲೆಕ್ಕದ ಅಸೆಸ್‌ಮೆಂಟ್ ತಂದರು. ಮೇಲ್ನೋಟಕ್ಕೆ ಇದು ಗುಮಾಸ್ತರ ಬದಲಾವಣೆ. ಆದರೆ ಹಾಲತ್ ಇದ್ದಾಗ ಬೆಳೆ ಕೈಕೊಟ್ಟರೆ ಸುಂಕವೂ ಇಳಿಯುತ್ತಿತ್ತು. ನಷ್ಟದಲ್ಲಿ ಸರ್ಕಾರಕ್ಕೂ ಪಾಲು. ಎಕರೆಗೆ ಕಟ್ಟಿದ ಮೇಲೆ ಕಾಂಡಕೊರಕ ಹುಳು ಗಿಡ ತಿಂದರೂ, ಹೂಮಳೆ ತಪ್ಪಿದರೂ ಕಂದಾಯ ಅಷ್ಟೇ. 1860ರ ದಶಕದಲ್ಲಿ ಆ ಹುಳುವಿನ ಹಾವಳಿ ಕಂಡಿದ್ದ ಬೆಳೆಗಾರರಿಗೆ ಇದು ಸಣ್ಣ ವಿಷಯವಾಗಿರಲಾರದು.

ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಮಾರುಕಟ್ಟೆ ಕೈತಪ್ಪಿತು. 1942ರ ಕಾಫಿ ಕಾಯಿದೆಯಡಿ ಬೆಳೆಯೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಹೋಗಬೇಕಾಯಿತು. ಅಲ್ಲಿ ದರ್ಜೆಗೆ ತಕ್ಕ ಪಾಯಿಂಟು, ಹಣ ಕಂತುಕಂತಾಗಿ. ದರ್ಜೆಗೆ ಬೀಜದ ಸೈಜೂ ಒಂದು ಆಧಾರ: ಪ್ಲಾಂಟೇಷನ್ 'ಬಿ' ದರ್ಜೆಗೆ ಜರಡಿಯ ತೂತು 6 ಮಿಲಿಮೀಟರ್. ಸ್ವಾರಸ್ಯವೆಂದರೆ, 'ಸೈಜ್' ಕೂಡ ಇದೇ ಮನೆತನದ್ದು. ಇಂಗ್ಲೆಂಡಿನಲ್ಲಿ ಬ್ರೆಡ್ಡಿನ ತೂಕ ಗೊತ್ತುಮಾಡುತ್ತಿದ್ದ 'ಅಸೈಜ್' ಎಂಬ ಬೈಠಕ್ಕಿನ ತುಂಡು ಅದು.

1996ರಲ್ಲಿ ಪೂಲ್ ಮುಗಿಯಿತು. ಈಗ ಬೆಳೆಗಾರನೇ ಮಾರುತ್ತಾನೆ. ಅವನ ಕಾಫಿಯ ಬೆಲೆ ನಿಂತಿರುವುದು 'ಔಟ್‌ಟರ್ನ್' ಎಂಬ ಅಂಕಿಯ ಮೇಲೆ. ಐವತ್ತು ಕಿಲೋ ಒಣ ಚೆರಿಯನ್ನು ಸುಲಿದರೆ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ, ಸಾಮಾನ್ಯವಾಗಿ 26 ಕಿಲೋ ಆಸುಪಾಸು. ಹಿಡಿ ಸ್ಯಾಂಪಲ್ ಸುಲಿದು ತೂಗಿ ಇದನ್ನು ಹೇಳುತ್ತಾರೆ. 26ರ ಬದಲು 25 ಎಂದರೆ ನೂರು ಮೂಟೆಗೆ ನೂರು ಕಿಲೋ ಬೀಜ ಲೆಕ್ಕದಿಂದ ಹೋಯಿತು. ಅನುಭವಸ್ಥ ಬೆಳೆಗಾರ ಸ್ಯಾಂಪಲ್ ತೂಗುವಾಗ ತಕ್ಕಡಿಯ ಬಳಿಯಿಂದ ಕದಲುವುದಿಲ್ಲ.