ಒಂದು ಲೋಟ ನೀರಿನ ಲೆಕ್ಕ

ಕೋಲಾರದ ಕಡೆ ನಾನು ಆರೋಗ್ಯ ಸಹಾಯಕಿಯಾಗಿ ಸೇರಿದಾಗ, ಮುಟ್ಟಿನ ಬಟ್ಟೆ ಒಗೆಯಲು ಹೆಂಗಸರು ಕತ್ತಲಾಗುವುದನ್ನೇ ಕಾಯುತ್ತಿದ್ದರು. ಹಳೆ ಸೀರೆಯ ತುಂಡನ್ನು ತಣ್ಣೀರಲ್ಲಿ ನೆನೆಸಿ, ಕಲೆ ಬಿಡುವತನಕ ಉಜ್ಜಿ, ಮತ್ತೆರಡು ಸಲ ಜಾಲಿಸಬೇಕು. ಕೆರೆ ತುಂಬಿದ ವರ್ಷ ಅದೇನೂ ದೊಡ್ಡದಲ್ಲ. ಕೆರೆ ಬತ್ತಿ, ಕೊಳವೆಬಾವಿ 1,000 ಅಡಿ ದಾಟಿ, ಟ್ಯಾಂಕರ್ ನೀರೇ ಗತಿಯಾದ ಮೇಲೆ ಬಿಂದಿಗೆಗಳ ಲೆಕ್ಕದಲ್ಲಿ ಮೊದಲು ಖೋತಾ ಆದದ್ದು ಈ ಬಟ್ಟೆಯ ಪಾಲು. ಅರೆಬರೆ ಒಗೆದದ್ದು ಬಿಸಿಲು ಕಾಣದೆ ಬೇರೆ ಬಟ್ಟೆಯ ಮರೆಯಲ್ಲಿ ಒಣಗುತ್ತಿತ್ತು. ತುರಿಕೆ, ಉರಿ ಎಂದು ಬಂದವರನ್ನು ಕೂರಿಸಿಕೊಂಡು ಕೇಳಿದರೆ ಎಷ್ಟೋ ಸಲ ಮಾತು ಇಲ್ಲಿಗೇ ಬಂದು ನಿಲ್ಲುತ್ತಿತ್ತು. ಪ್ಯಾಡ್ ಬಂತು, ಒಗೆಯುವುದು ತಪ್ಪಿತು, ಕಸ ಕೆರೆಯಂಗಳ ಸೇರಿತು.

ಬಟ್ಟೆಯಷ್ಟು ನೀರೂ ಬೇಡದ, ಪ್ಯಾಡಿನಷ್ಟು ಕಸವೂ ಆಗದ ದಾರಿ ಮುಟ್ಟಿನ ಕಪ್: ಒಳಗೆ ಕೂತು ರಕ್ತ ಹಿಡಿದುಕೊಳ್ಳುವ, ತೊಳೆದು ಮತ್ತೆ ಬಳಸುವ ಪುಟ್ಟ ಬಟ್ಟಲು. ಆದರೆ ಅದು ಹುಟ್ಟಿದ್ದು ನೀರಿಲ್ಲದವರಿಗಾಗಿ ಅಲ್ಲ. ಅಮೆರಿಕದ ನಟಿ ಲಿಯೋನಾ ಚಾಲ್ಮರ್ಸ್ 1937ರಲ್ಲಿ ರಬ್ಬರ್ ಕಪ್‌ಗೆ ಪೇಟೆಂಟ್ ಪಡೆದರು. ಎರಡನೇ ಮಹಾಯುದ್ಧದಲ್ಲಿ ರಬ್ಬರ್ ಸಿಗದೆ ತಯಾರಿಕೆ ನಿಂತಿತು. ಪದೇಪದೇ ಕುದಿಸಿದರೂ ಕೆಡದ ಸಿಲಿಕೋನ್ ಕಪ್ ಬಳಕೆಗೆ ಬಂದದ್ದು ಈ ಶತಮಾನದಲ್ಲಿ. ಕೇರಳದಲ್ಲಿ 2018ರ ನೆರೆ ಬಂದಾಗ ಪರಿಹಾರ ಶಿಬಿರಗಳಲ್ಲಿ ಪ್ಯಾಡ್ ಎಸೆಯುವುದೇ ಸಮಸ್ಯೆಯಾಗಿತ್ತು. ಮರುವರ್ಷ ಆಲಪ್ಪುಳ ನಗರಸಭೆಯಲ್ಲಿ 5,000 ಕಪ್ ಹಂಚಲಾಯಿತು. ಆಮೇಲೆ ನಮ್ಮ ದಕ್ಷಿಣ ಕನ್ನಡ, ಚಾಮರಾಜನಗರಕ್ಕೂ ಕಪ್ ಹಂಚುವ ಯೋಜನೆ ‘ಮೈತ್ರಿ’ ಹೆಸರಲ್ಲಿ ಬಂತು.

ನನ್ನ ಕಣ್ಣಿಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಪಶ್ಚಿಮ ಕೀನ್ಯಾದ ಶಾಲೆಗಳ ಅಧ್ಯಯನ. ಅಲ್ಲಿ ಹುಡುಗಿಯರು ಬಳಸಿದ್ದ ಕಪ್‌ಗಳಲ್ಲಿ 65ನ್ನು ಪರೀಕ್ಷಿಸಿದಾಗ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವುಗಳ ಮೇಲೆ ಇ. ಕೊಲೈ ಸಿಕ್ಕಿತು. ಯಾರಿಗೂ ಟಾಕ್ಸಿಕ್ ಶಾಕ್ ಎಂಬ ಜೀವಕ್ಕೆ ಕುತ್ತು ತರುವ ನಂಜು ಆಗಲಿಲ್ಲ, ನಿಜ. ಆದರೆ ಇ. ಕೊಲೈ ಮಲದಲ್ಲಿರುವ ಸೂಕ್ಷ್ಮಜೀವಿ. ಅದು ಕಪ್‌ಗೆ ದಾಟುವ ಒಂದು ಹಾದಿ ಕೈ.

ಅದಕ್ಕೇ ನಾನು ಹೆಣ್ಣುಮಕ್ಕಳಿಗೆ ಹೇಳುವುದು: ಇರುವ ನೀರಲ್ಲಿ ಮೊದಲ ಪಾಲು ಸೋಪು ಹಚ್ಚಿದ ಕೈಗೆ. ತೆಗೆದ ಕಪ್ ತೊಳೆಯಲು ಒಂದು ಲೋಟ ಕುದಿಸಿ ಆರಿಸಿದ ನೀರು ಸಾಕು. ಹೊರಗಿದ್ದು ಅದೂ ಇಲ್ಲವಾದರೆ, ಶುಭ್ರ ಬಟ್ಟೆಯಲ್ಲಿ ಒರೆಸಿ ಹಾಕಿಕೊಂಡು ಮುಂದಿನ ಸಲ ತೊಳೆಯಬಹುದು. ಹೆಚ್ಚೆಂದರೆ 12 ಗಂಟೆ, ಅಷ್ಟರೊಳಗೆ ತೆಗೆಯಲೇಬೇಕು. ಮುಟ್ಟಿಗೆ ಮುಂಚೆ, ಮುಗಿದ ಮೇಲೆ, ಮುಳುಗುವಷ್ಟು ನೀರಲ್ಲಿ ಐದು ನಿಮಿಷ ಕುದಿಸಿ, ಒಣಗಿಸಿ, ಗಾಳಿಯಾಡುವ ಬಟ್ಟೆಚೀಲದಲ್ಲಿಡಬೇಕು.

ತೊಡಕು ಬರುವುದು ಈ ಕುದಿಸುವಲ್ಲಿ. ಅಡುಗೆಮನೆಯ ಪಾತ್ರೆಗೆ ಅದನ್ನು ಹಾಕಲು ಅತ್ತೆ ಬಿಡುವುದಿಲ್ಲ, ಮುಟ್ಟಿನ ದಿನಗಳಲ್ಲಿ ಒಲೆಯ ಹತ್ತಿರ ಸೊಸೆ ಹೋಗುವಂತಿಲ್ಲ. ಕಪ್ ಹಂಚುವವರು ಅದರ ಜೊತೆ ಅದನ್ನು ಕುದಿಸಲೆಂದೇ ಒಂದು ಸ್ಟೀಲ್ ಲೋಟ, ಕೈಗೆ ಒಂದು ಸೋಪು ಕೊಡಲಿ. ಅತ್ತೆಯನ್ನೂ ಕರೆದು ಕೂರಿಸಿ ಮಾತಾಡಲಿ.