ಗಾಲ್ಫ್ ಬ್ಯಾಕ್‌ಸ್ವಿಂಗ್‌ನಲ್ಲಿ ಎಡ ಮಣಿಕಟ್ಟಿನ ಸ್ಥಾನ: ಆಕಾರ, ಹಿಡಿತ ಮತ್ತು ಕ್ಲಬ್‌ಮುಖದ ಸಂಬಂಧ

ಗಾಲ್ಫ್ ಆಟದ ತಾಂತ್ರಿಕ ಬರವಣಿಗೆಯಲ್ಲಿ, ಕ್ಲಬ್ಬನ್ನು ಚೆಂಡಿನ ಬಳಿಯಿಂದ ಹಿಂದಕ್ಕೂ ಮೇಲಕ್ಕೂ ಒಯ್ಯುವ ಬ್ಯಾಕ್‌ಸ್ವಿಂಗ್‌ನ ತುದಿಘಟ್ಟದಲ್ಲಿ ಮಣಿಕಟ್ಟು ಹೇಗಿರಬೇಕು ಎಂಬ ಪ್ರಶ್ನೆಗೆ ಒಂದಕ್ಕೊಂದು ಹೊಂದದ ಮೂರು ಉತ್ತರಗಳು ಬಹುಕಾಲದಿಂದ ಒಟ್ಟೊಟ್ಟಿಗೇ ಬಾಳುತ್ತ ಬಂದಿವೆ. ಮಣಿಕಟ್ಟು ಹಸ್ತದ ಹಿಂಬದಿಯ ಕಡೆಗೆ ಬಾಗಿ ಅಲ್ಲೊಂದು ಗುಳಿ ಬಿದ್ದಂತೆ ಕಾಣುವ ಸ್ಥಿತಿಯನ್ನು ಆಟಗಾರರು ‘ಕಪ್ಡ್’ ಎನ್ನುತ್ತಾರೆ. ಮುಂದೋಳಿನ ಹಿಂಬದಿಯೂ ಹಸ್ತದ ಹಿಂಬದಿಯೂ ಒಂದೇ ನೇರದಲ್ಲಿದ್ದರೆ ಅದು ‘ಫ್ಲ್ಯಾಟ್’. ಮಣಿಕಟ್ಟು ಅಂಗೈ ಕಡೆಗೆ ಬಾಗಿ ಹಿಂಬದಿ ಉಬ್ಬಿದಂತಿದ್ದರೆ ಅದು ‘ಬೋಡ್’. ಈ ಮೂರರಲ್ಲಿ ಪ್ರತಿಯೊಂದರ ಪರವಾಗಿಯೂ ದೊಡ್ಡ ಪ್ರಶಸ್ತಿಗಳನ್ನು ಗೆದ್ದವರ ಉದಾಹರಣೆ ಕೊಡಬಹುದು ಎಂಬ ಸಂಗತಿಯೇ ಪ್ರಶ್ನೆಯನ್ನು ಕೇಳುವ ರೀತಿಯಲ್ಲಿ ಏನೋ ಕೊರತೆಯಿದೆ ಎಂಬುದನ್ನು ಸೂಚಿಸುತ್ತದೆ. ಮಣಿಕಟ್ಟಿನ ಸರಿತಪ್ಪನ್ನು ಅದರ ಹೊರ ಆಕಾರದಿಂದ ತೀರ್ಮಾನಿಸಲಾಗದು, ಹಿಡಿತ ಯಾವ ಬಗೆಯದು ಮತ್ತು ಚೆಂಡಿಗೆ ತಾಗುವ ಕ್ಲಬ್‌ಮುಖ ಎತ್ತ ನೋಡುತ್ತಿದೆ ಎಂಬ ಎರಡು ಸಂಗತಿಗಳ ಜೊತೆಗಿಟ್ಟು ನೋಡಿದಾಗ ಮಾತ್ರ ಆ ತೀರ್ಮಾನ ಸಾಧ್ಯ ಎಂಬುದು ಈ ಲೇಖನದ ವಾದ. ವಿವರಣೆಯ ಅನುಕೂಲಕ್ಕಾಗಿ ಇಲ್ಲಿ ಬಲಗೈ ಆಟಗಾರರನ್ನು ಮಾತ್ರ ಗಮನಿಸಲಾಗಿದೆ. ಎಡಗೈ ಆಟಗಾರರಿಗೆ ಎಡ-ಬಲಗಳನ್ನು ಅದಲುಬದಲು ಮಾಡಿಕೊಂಡರೆ ಸಾಕು.

ಮಣಿಕಟ್ಟು ಒಂದೇ ಕೀಲಿನಂತೆ ಕಂಡರೂ ಅದು ಮುಂದೋಳಿನ ಎರಡು ಎಲುಬುಗಳ ತುದಿ ಮತ್ತು ಎರಡು ಸಾಲುಗಳಲ್ಲಿ ಕೂತ ಎಂಟು ಕಿರು ಎಲುಬುಗಳು ಸೇರಿ ಆದ ರಚನೆ. ಅದು ಹಸ್ತವನ್ನು ಅಂಗೈ ಕಡೆಗೂ ಹಿಂಬದಿಯ ಕಡೆಗೂ ಬಾಗಿಸಬಲ್ಲದು, ಹಾಗೆಯೇ ಹೆಬ್ಬೆರಳ ಕಡೆಗೂ ಕಿರುಬೆರಳ ಕಡೆಗೂ ವಾಲಿಸಬಲ್ಲದು. ಮೊದಲ ಜೋಡಿಯ ವ್ಯಾಪ್ತಿ ಒಂದೊಂದು ದಿಕ್ಕಿಗೆ ಸುಮಾರು 70ರಿಂದ 80 ಡಿಗ್ರಿಯಷ್ಟಿದ್ದರೆ, ಹೆಬ್ಬೆರಳ ಕಡೆಗಿನ ವಾಲಿಕೆ ಸುಮಾರು 20 ಡಿಗ್ರಿಗೂ ಕಿರುಬೆರಳ ಕಡೆಗಿನದು ಸುಮಾರು 30 ಡಿಗ್ರಿಗೂ ಸೀಮಿತ. ಬ್ಯಾಕ್‌ಸ್ವಿಂಗ್‌ನಲ್ಲಿ ಕ್ಲಬ್ಬು ಮೇಲಕ್ಕೆ ಮಡಚಿಕೊಳ್ಳುವುದು, ಅಂದರೆ ಆಟಗಾರರ ಮಾತಿನ ‘ಹಿಂಜ್’, ಮುಖ್ಯವಾಗಿ ಹೆಬ್ಬೆರಳ ಕಡೆಗಿನ ವಾಲಿಕೆಯಿಂದಲೇ ಆಗುತ್ತದೆ. ಮಣಿಕಟ್ಟಿನ ಸಹಜ ಚಲನೆ ಓರೆಯಾದುದು: ಹೆಬ್ಬೆರಳ ಕಡೆಗೆ ವಾಲುವಾಗ ಅದು ತಾನಾಗಿಯೇ ತುಸು ಹಿಂಬದಿಗೂ ಬಾಗುತ್ತದೆ. ಆದ್ದರಿಂದ ತುದಿಘಟ್ಟದಲ್ಲಿ ಸ್ವಲ್ಪ ಗುಳಿ ಕಾಣುವುದು ದೇಹರಚನೆಗೆ ಒಗ್ಗುವ ಸಂಗತಿಯೇ ಹೊರತು ಅದನ್ನು ಕಂಡ ಕೂಡಲೇ ದೋಷವೆಂದು ಗುರುತು ಹಾಕುವುದು ಆತುರದ ಮಾತಾಗುತ್ತದೆ. ಮುಂದೋಳಿನ ಹೊರಳು ಇವೆರಡಕ್ಕಿಂತ ಬೇರೆಯದು. ಅದು ನಡೆಯುವುದು ಮಣಿಕಟ್ಟಿನಲ್ಲಲ್ಲ, ಮುಂದೋಳಿನ ಎರಡು ಎಲುಬುಗಳು ಒಂದರ ಸುತ್ತ ಇನ್ನೊಂದು ಹೊರಳುವುದರಿಂದ. ತರಬೇತಿಯ ಮಾತುಕತೆಯಲ್ಲಿ ಈ ಮೂರು ಚಲನೆಗಳನ್ನೂ ‘ಕೈ ತಿರುಗಿಸು’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುವುದರಿಂದ ಆಗಿರುವ ಗೊಂದಲ ಸಣ್ಣದಲ್ಲ.

ಇವು ಕ್ಲಬ್‌ಮುಖದ ಮೇಲೆ ಬೀರುವ ಪ್ರಭಾವ ಕ್ಲಬ್ಬು ಮತ್ತು ಮುಂದೋಳಿನ ನಡುವಿನ ಕೋನವನ್ನು ಅವಲಂಬಿಸಿದೆ ಎಂಬುದು ಇಡೀ ಚರ್ಚೆಯ ಕೀಲಿಕೈ. ಅಡುಗೆಮನೆಯಲ್ಲಿ ದೋಸೆ ಮಗುಚುವ ಸಟ್ಟುಗವೊಂದನ್ನು ಎಡಗೈಯಲ್ಲಿ ಹಿಡಿದು ಇದನ್ನು ಪರೀಕ್ಷಿಸಬಹುದು. ಮುಂದೋಳನ್ನು ನೆಲಕ್ಕೆ ಸಮಾಂತರವಾಗಿ ಮುಂದಕ್ಕೆ ಚಾಚಿ, ಹೆಬ್ಬೆರಳು ಮೇಲಿರುವಂತೆ ಇಟ್ಟು, ಸಟ್ಟುಗದ ಹಿಡಿ ಮುಂದೋಳಿಗೆ ಲಂಬವಾಗಿ ಮೇಲಕ್ಕೆ ನಿಲ್ಲುವಂತೆ ಹಿಡಿಯಬೇಕು. ಈಗ ಮಣಿಕಟ್ಟನ್ನು ಅಂಗೈ ಕಡೆಗೂ ಹಿಂಬದಿಯ ಕಡೆಗೂ ಬಾಗಿಸಿದರೆ ಹಿಡಿ ಬಹುಮಟ್ಟಿಗೆ ಇದ್ದ ದಿಕ್ಕಿನಲ್ಲೇ ನಿಂತು, ಸಟ್ಟುಗದ ಚಪ್ಪಟೆ ಮುಖ ಮಾತ್ರ ಅತ್ತಿತ್ತ ತಿರುಗುತ್ತದೆ; ಮುಂದೋಳನ್ನು ಹೊರಳಿಸಿದರೆ ಇಡೀ ಸಟ್ಟುಗವೇ ಎಡಕ್ಕೂ ಬಲಕ್ಕೂ ಬೀಳುತ್ತದೆ. ಆಮೇಲೆ ಮಣಿಕಟ್ಟನ್ನು ಕಿರುಬೆರಳ ಕಡೆಗೆ ಇಳಿಸಿ ಹಿಡಿಯನ್ನು ಮುಂದೋಳಿನ ನೇರಕ್ಕೆ ಹತ್ತಿರ ತಂದು ಅದೇ ಚಲನೆಗಳನ್ನು ಮಾಡಿದರೆ ಪಾತ್ರಗಳು ಅದಲುಬದಲಾಗುತ್ತವೆ: ಮುಖವನ್ನು ತಿರುಗಿಸುವ ಕೆಲಸ ಮುಂದೋಳಿನದಾಗುತ್ತದೆ, ದಿಕ್ಕನ್ನು ಬದಲಿಸುವ ಕೆಲಸ ಮಣಿಕಟ್ಟಿನದಾಗುತ್ತದೆ. ಗಾಲ್ಫ್ ಬ್ಯಾಕ್‌ಸ್ವಿಂಗ್‌ನ ತುದಿಘಟ್ಟದಲ್ಲಿ ಕ್ಲಬ್ಬು ಮತ್ತು ಎಡ ಮುಂದೋಳಿನ ನಡುವೆ ಹೆಚ್ಚುಕಡಿಮೆ ಲಂಬಕೋನ ಇರುವುದರಿಂದ, ಮಣಿಕಟ್ಟಿನ ಗುಳಿಯಾಗಲಿ ಉಬ್ಬಾಗಲಿ ಅಲ್ಲಿ ನೇರವಾಗಿ ಕ್ಲಬ್‌ಮುಖದ ಹತೋಟಿಯಾಗಿಬಿಡುತ್ತದೆ. ಗುಳಿ ಹೆಚ್ಚಿದಂತೆ ಮುಖ ತೆರೆದುಕೊಂಡು ಕ್ಲಬ್ಬಿನ ಮೂತಿ ನೆಲದತ್ತ ಜೋತುಬೀಳುತ್ತದೆ. ಉಬ್ಬು ಹೆಚ್ಚಿದಂತೆ ಮುಖ ಮುಚ್ಚಿಕೊಂಡು ಆಕಾಶ ನೋಡುತ್ತದೆ.

ಆದರೆ ಈ ಹತೋಟಿಯ ಶೂನ್ಯಬಿಂದು ಎಲ್ಲಿದೆ ಎಂಬುದನ್ನು ನಿರ್ಧರಿಸುವುದು ಹಿಡಿತ. ಎಡಗೈಯನ್ನು ಹಿಡಿಕೆಯ ಮೇಲೆ ಬಲಕ್ಕೆ ಹೊರಳಿಸಿ, ಮೇಲಿನಿಂದ ನೋಡಿದರೆ ಮೂರು ಗೆಣ್ಣುಗಳು ಕಾಣುವಂತೆ ಹಿಡಿಯುವುದಕ್ಕೆ ‘ಸ್ಟ್ರಾಂಗ್’ ಹಿಡಿತವೆಂದೂ, ಎಡಕ್ಕೆ ಹೊರಳಿಸಿ ಹೆಬ್ಬೆರಳು ಹಿಡಿಕೆಯ ನೆತ್ತಿಯ ಮೇಲೆ ಬರುವಂತೆ ಹಿಡಿಯುವುದಕ್ಕೆ ‘ವೀಕ್’ ಹಿಡಿತವೆಂದೂ ಹೆಸರು. ಇಲ್ಲಿ ಬಲ-ದುರ್ಬಲಗಳಿಗೂ ಕೈ ಬಿಗಿತಕ್ಕೂ ಸಂಬಂಧವಿಲ್ಲ. ಮೊದಲ ಬಗೆಯಲ್ಲಿ ಹಿಡಿದವರ ಮಣಿಕಟ್ಟು ಆಟ ಶುರುವಾಗುವ ಮೊದಲೇ ಹಿಂಬದಿಗೆ ಬಾಗಿರುತ್ತದೆ. ಅವರು ತುದಿಘಟ್ಟದಲ್ಲೂ ಆ ಗುಳಿಯನ್ನು ಉಳಿಸಿಕೊಂಡರೆ ಮುಖ ನೇರವಾಗಿರುತ್ತದೆ, ಅದನ್ನು ಒತ್ತಾಯದಿಂದ ಫ್ಲ್ಯಾಟ್ ಮಾಡಿದರೆ ಮುಖ ಮುಚ್ಚಿಹೋಗುತ್ತದೆ. ಎರಡನೆಯ ಬಗೆಯವರಿಗೆ ಫ್ಲ್ಯಾಟ್ ಮಣಿಕಟ್ಟೇ ನೇರ ಮುಖವನ್ನು ಕೊಡುತ್ತದೆ, ಗುಳಿ ಬಿದ್ದರೆ ಮುಖ ತೆರೆದುಕೊಳ್ಳುತ್ತದೆ. ಹೀಗೆ ಒಂದೇ ಆಕಾರ ಒಬ್ಬರಲ್ಲಿ ಸರಿ, ಇನ್ನೊಬ್ಬರಲ್ಲಿ ತಪ್ಪು.

ಈ ದೃಷ್ಟಿಯಿಂದ ಇತಿಹಾಸವನ್ನು ನೋಡಿದರೆ ಬೇರೆ ಬೇರೆ ಕಾಲದ ಉಪದೇಶಗಳ ಹಿಂದಿನ ಕಾರಣಗಳು ಸ್ಪಷ್ಟವಾಗುತ್ತವೆ. ಕ್ಲಬ್ಬಿನ ದಂಡವನ್ನು ಹಿಕರಿ ಮರದಿಂದ ಮಾಡುತ್ತಿದ್ದ ಕಾಲದಲ್ಲಿ ಆ ದಂಡ ಬೀಸುವಾಗ ತಿರುಚಿಕೊಳ್ಳುತ್ತಿತ್ತು. ಆದ್ದರಿಂದ ಹಿಂದಕ್ಕೆ ಒಯ್ಯುವಾಗ ಮುಂದೋಳನ್ನು ಬಲಕ್ಕೆ ಹೊರಳಿಸಿ ಮುಖ ತೆರೆದು, ಕೆಳಗಿಳಿಯುವಾಗ ಕೈಗಳಿಂದಲೇ ಅದನ್ನು ಮತ್ತೆ ಮುಚ್ಚುವ ಸ್ಕಾಟ್ಲೆಂಡಿನ ಹಳೆಯ ಪದ್ಧತಿ ಆ ಸಲಕರಣೆಗೆ ಹೊಂದಿಕೊಂಡಿತ್ತು. ಸೇಂಟ್ ಆಂಡ್ರ್ಯೂಸ್‌ನ ರಾಯಲ್ ಆ್ಯಂಡ್ ಏನ್ಷಿಯೆಂಟ್ ಸಂಸ್ಥೆ 1929ರಲ್ಲಿ ಉಕ್ಕಿನ ದಂಡಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಅಷ್ಟೊಂದು ಹೊರಳಾಟದ ಅಗತ್ಯ ಉಳಿಯಲಿಲ್ಲ. 1945ರ ಒಂದೇ ವರ್ಷದಲ್ಲಿ 18 ಪಂದ್ಯಾವಳಿಗಳನ್ನು, ಅವುಗಳಲ್ಲಿ 11ನ್ನು ಸಾಲಾಗಿ, ಗೆದ್ದ ಬೈರನ್ ನೆಲ್ಸನ್ ಅವರು ಕೈಗಳ ಹೊರಳಾಟವನ್ನು ತಗ್ಗಿಸಿ ಕಾಲು-ಸೊಂಟಗಳಿಂದ ಕ್ಲಬ್ಬನ್ನು ಎಳೆಯುವ ಹೊಸ ಪದ್ಧತಿಯ ಮೊದಲಿಗರೆಂದು ಮನ್ನಣೆ ಪಡೆದರು.

ಬೆನ್ ಹೋಗನ್ ಅವರ ಪ್ರಸಂಗ ಇಲ್ಲಿ ಹೆಚ್ಚು ವಿವರವಾದ ಪರಿಶೀಲನೆಗೆ ಅರ್ಹವಾದುದು, ಏಕೆಂದರೆ ಮಣಿಕಟ್ಟಿನ ಬಗ್ಗೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಹುಟ್ಟಿದ್ದು ಅದರಿಂದಲೇ. ಆರಂಭದ ವರ್ಷಗಳಲ್ಲಿ ಅವರ ಚೆಂಡು ಎಡಕ್ಕೆ ಜೋರಾಗಿ ತಿರುಗಿ ಹೋಗುತ್ತಿತ್ತು. ಗಾಲ್ಫ್‌ನಲ್ಲಿ ‘ಹುಕ್’ ಎನ್ನುವ ಈ ದೋಷ ಅವರನ್ನು ದೀರ್ಘಕಾಲ ಕಾಡಿತು. 1949ರ ಫೆಬ್ರವರಿಯಲ್ಲಿ ಅವರ ಕಾರಿಗೆ ಬಸ್ ಡಿಕ್ಕಿ ಹೊಡೆದು ಬದುಕುಳಿಯುವುದೇ ಕಷ್ಟವೆನಿಸಿದ್ದರೂ, 1950ರಲ್ಲಿ ಅವರು ಮೆರಿಯನ್‌ನಲ್ಲಿ ಅಮೆರಿಕದ ಓಪನ್ ಗೆದ್ದರು. 1953ರಲ್ಲಿ ಮಾಸ್ಟರ್ಸ್, ಅಮೆರಿಕದ ಓಪನ್ ಮತ್ತು ಕಾರ್ನೂಸ್ಟಿಯಲ್ಲಿ ನಡೆದ ಬ್ರಿಟಿಷ್ ಓಪನ್ ಮೂರನ್ನೂ ಗೆದ್ದರು. 1955ರ ಆಗಸ್ಟ್‌ನಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಅವರು ಹುಕ್ಕನ್ನು ಹತೋಟಿಗೆ ತಂದ ತಮ್ಮ ‘ಗುಟ್ಟನ್ನು’ ಬಿಚ್ಚಿಟ್ಟಾಗ ತಿಳಿದದ್ದಿಷ್ಟು: ಎಡಗೈ ಹಿಡಿತವನ್ನು ವೀಕ್ ಮಾಡಿಕೊಳ್ಳುವುದು, ಹಳೆಯ ಸ್ಕಾಟಿಷ್ ರೀತಿಯಲ್ಲಿ ಮುಂದೋಳನ್ನು ಹೊರಳಿಸುವುದು, ಮತ್ತು ತುದಿಘಟ್ಟಕ್ಕೆ ಬರುವಾಗ ಎಡ ಮಣಿಕಟ್ಟಿನಲ್ಲಿ ಗುಳಿ ಬೀಳಿಸುವುದು. ಈ ಮೂರೂ ಮುಖವನ್ನು ತೆರೆಯುವ ಕ್ರಮಗಳೇ. ಎಷ್ಟು ಜೋರಾಗಿ ಹೊಡೆದರೂ ಮುಖ ಅತಿಯಾಗಿ ಮುಚ್ಚದಂತೆ ಅವರು ತುದಿಘಟ್ಟದಲ್ಲೇ ಮುಂಗಡ ಏರ್ಪಾಡು ಮಾಡಿಕೊಂಡಿದ್ದರು. ಹೋಗನ್ ಅವರ ಗುಳಿ ಹುಕ್ ಎಂಬ ಒಂದು ನಿರ್ದಿಷ್ಟ ರೋಗಕ್ಕೆ ಕಂಡುಕೊಂಡ ಮದ್ದಾಗಿತ್ತು; ಅದನ್ನು ಓದಿದ ಹವ್ಯಾಸಿ ಆಟಗಾರರಲ್ಲಿ ಬಹುಪಾಲಿನವರು ಚೆಂಡು ಬಲಕ್ಕೆ ತಿರುಗಿಹೋಗುವ ‘ಸ್ಲೈಸ್’ ಎಂಬ ತದ್ವಿರುದ್ಧ ದೋಷದಿಂದ ನರಳುತ್ತಿದ್ದವರು. ಅಂಥವರು ಗುಳಿಯನ್ನು ಅನುಕರಿಸಿದಾಗ ದೋಷ ಉಲ್ಬಣಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೂ ಮುಖ್ಯವಾದ ಸಂಗತಿಯೊಂದು ಅವರ ಪುಸ್ತಕದಲ್ಲಿದೆ. ಹರ್ಬರ್ಟ್ ವಾರೆನ್ ವಿಂಡ್ ಅವರ ಜೊತೆಗೂಡಿ ಬರೆದು, ಆಂಟನಿ ರವಿಯೆಲ್ಲಿ ಅವರ ಚಿತ್ರಗಳೊಂದಿಗೆ 1957ರಲ್ಲಿ ಪ್ರಕಟವಾದ ‘ಫೈವ್ ಲೆಸನ್ಸ್’ ಕೃತಿಯಲ್ಲಿ, ಚೆಂಡಿಗೆ ಕ್ಲಬ್ಬು ತಾಗುವ ಗಳಿಗೆಯಲ್ಲಿ ಎಡ ಮಣಿಕಟ್ಟಿನ ಎಲುಬು ಉಬ್ಬಿ ಗುರಿಯ ಕಡೆಗೆ ಮುಖ ಮಾಡಿರಬೇಕೆಂದು ಹೋಗನ್ ಒತ್ತಿಹೇಳುತ್ತಾರೆ. ಅಂದರೆ ತುದಿಯಲ್ಲಿ ಗುಳಿಯಿದ್ದ ಅದೇ ಮಣಿಕಟ್ಟು ಹೊಡೆತದ ಗಳಿಗೆಯಲ್ಲಿ ಬೋಡ್ ಆಗಿರುತ್ತದೆ. ಹೋಮರ್ ಕೆಲ್ಲಿ ಅವರು 1969ರ ‘ದ ಗಾಲ್ಫಿಂಗ್ ಮಷೀನ್’ ಕೃತಿಯಲ್ಲಿ ಫ್ಲ್ಯಾಟ್ ಎಡ ಮಣಿಕಟ್ಟನ್ನು ಬಿಡಲಾಗದ ನಿಯಮಗಳಲ್ಲೊಂದಾಗಿ ಘೋಷಿಸಿದಾಗಲೂ ಅವರ ಕಣ್ಣಿದ್ದದ್ದು ಮುಖ್ಯವಾಗಿ ಹೊಡೆತದ ಗಳಿಗೆಯ ಮೇಲೆ. ಹೊಡೆತದ ಗಳಿಗೆಯ ನಿಯಮವನ್ನು ತುದಿಘಟ್ಟಕ್ಕೆ ಹಾಗೆಯೇ ಒಯ್ದು ಹಚ್ಚುವುದರಿಂದಲೇ ಎಷ್ಟೋ ವಾದಗಳು ಹುಟ್ಟಿವೆ.

ಭೌತವಿಜ್ಞಾನ ಈ ವಾದವನ್ನು ಬಗೆಹರಿಸಬಲ್ಲದೇ ಎಂದು ನೋಡಿದರೆ, ಅದು ಉತ್ತರಿಸಿರುವುದು ಬೇರೆಯೇ ಪ್ರಶ್ನೆಯನ್ನು. ಅಲಸ್ಟೇರ್ ಕಾಕ್ರನ್ ಮತ್ತು ಜಾನ್ ಸ್ಟಾಬ್ಸ್ ಅವರ ‘ದ ಸರ್ಚ್ ಫಾರ್ ದ ಪರ್ಫೆಕ್ಟ್ ಸ್ವಿಂಗ್’ (1968) ಗಾಲ್ಫ್ ಬೀಸನ್ನು ಎರಡು ಸನ್ನೆಗಳ ಮಾದರಿಯಾಗಿ ವಿವರಿಸಿತು: ತೋಳು ಒಂದು ಸನ್ನೆ, ಕ್ಲಬ್ಬು ಇನ್ನೊಂದು, ಮಣಿಕಟ್ಟು ಅವುಗಳ ನಡುವಿನ ಕೀಲು. ಅಮೆರಿಕದ ಭೌತವಿಜ್ಞಾನಿ ಥಿಯೊಡೋರ್ ಜಾರ್ಗೆನ್ಸನ್ ಅವರು ಇದೇ ಮಾದರಿಯನ್ನು ಗಣಿತದಿಂದ ಬೆಳೆಸಿ, ಕೆಳಗಿಳಿಯುವಾಗ ಆ ಕೀಲು ತಡವಾಗಿ ಬಿಚ್ಚಿಕೊಂಡಷ್ಟೂ ಕ್ಲಬ್ಬಿನ ವೇಗ ಹೆಚ್ಚುತ್ತದೆಂದೂ, ಮಣಿಕಟ್ಟಿನಿಂದ ಬೇಗನೆ ಬಲ ಹಾಕಿದರೆ ವೇಗ ತಗ್ಗುತ್ತದೆಂದೂ ತೋರಿಸಿದರು. ಆದರೆ ಈ ಮಾದರಿಯ ಕೀಲು ಒಂದೇ ಸಮತಲದಲ್ಲಿ ಆಡುವಂಥದು. ಗುಳಿ-ಉಬ್ಬುಗಳಿಗೆ ಅದರಲ್ಲಿ ಜಾಗವೇ ಇಲ್ಲ. ಹಿಂಜ್ ವೇಗಕ್ಕೆ ಸಂಬಂಧಿಸಿದ್ದು, ಗುಳಿ-ಉಬ್ಬು ದಿಕ್ಕಿಗೆ ಸಂಬಂಧಿಸಿದ್ದು. ಇವನ್ನು ಬೇರೆ ಬೇರೆಯಾಗಿಟ್ಟು ಕಲಿಸದಿದ್ದರೆ, ಹೆಚ್ಚು ದೂರ ಹೊಡೆಯುವ ಆಸೆಯಿಂದ ಮಣಿಕಟ್ಟನ್ನು ಉಬ್ಬಿಸಿಕೊಂಡು ಚೆಂಡನ್ನು ಎಡಗಡೆಯ ಮರಗಳಿಗೆ ಕಳಿಸುವ ಆಟಗಾರರು ತಯಾರಾಗುತ್ತಾರೆ.

ದಿಕ್ಕಿನ ವಿಷಯದಲ್ಲಿ ತುದಿಘಟ್ಟಕ್ಕೆ ಏಕೆ ಇಷ್ಟು ಮಹತ್ವ ಎಂಬುದಕ್ಕೆ ಕಾಲದ ಲೆಕ್ಕವೇ ಉತ್ತರ. ತುದಿಯಿಂದ ಚೆಂಡಿನವರೆಗೆ ಕ್ಲಬ್ಬು ಇಳಿಯಲು ನುರಿತ ಆಟಗಾರರಿಗೆ ಸುಮಾರು ಕಾಲು ಸೆಕೆಂಡು ಸಾಕು. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕಾಗುವುದರಿಂದ, ದಾರಿಯಲ್ಲಿ ನೋಡಿಕೊಂಡು ತಿದ್ದುವ ಅವಕಾಶವೇ ಇರುವುದಿಲ್ಲ. ಚೆಂಡು ಮತ್ತು ಕ್ಲಬ್ಬಿನ ಸ್ಪರ್ಶ ಸುಮಾರು ಅರ್ಧ ಮಿಲಿಸೆಕೆಂಡು ಮಾತ್ರ. ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ಆ ಗಳಿಗೆಯ ಕ್ಲಬ್‌ಮುಖವೇ ಬಹುಮಟ್ಟಿಗೆ ನಿರ್ಧರಿಸುತ್ತದೆ. 230 ಮೀಟರ್ ಹೊಡೆತದಲ್ಲಿ ಹೊರಡುವ ದಿಕ್ಕು ಒಂದು ಡಿಗ್ರಿ ತಪ್ಪಿದರೂ ಚೆಂಡು ಸುಮಾರು 4 ಮೀಟರ್ ಆಚೆ ಬೀಳುತ್ತದೆ. ಗಾಳಿಯಲ್ಲಿ ಅದು ತಿರುಗುವ ಪ್ರಮಾಣ ಇದಕ್ಕೆ ಹೆಚ್ಚುವರಿ.

ಇತ್ತೀಚಿನ ದಶಕದಲ್ಲಿ ಬೋಡ್ ಮಣಿಕಟ್ಟಿಗೆ ಬಂದಿರುವ ಪ್ರತಿಷ್ಠೆಯನ್ನು ಈ ಹಿನ್ನೆಲೆಯಲ್ಲಿ ತೂಗಬೇಕು. 2016ರಲ್ಲಿ ಓಕ್‌ಮಾಂಟ್‌ನಲ್ಲಿ ಅಮೆರಿಕದ ಓಪನ್ ಗೆದ್ದು, 2020ರ ನವೆಂಬರ್‌ನಲ್ಲಿ 268 ಹೊಡೆತಗಳ ದಾಖಲೆಯೊಂದಿಗೆ ಮಾಸ್ಟರ್ಸ್ ಗೆದ್ದ ಡಸ್ಟಿನ್ ಜಾನ್ಸನ್ ಅವರ ಮಣಿಕಟ್ಟು ತುದಿಯಲ್ಲಿ ಎದ್ದು ಕಾಣುವಷ್ಟು ಬಾಗಿರುತ್ತದೆ. ಜಾನ್ ರಾಮ್ ಮತ್ತು ಕಾಲಿನ್ ಮೊರಿಕಾವಾ ಅವರದೂ ಅದೇ ಪಂಗಡ. ಜಾನ್ಸನ್ ಅವರ ಕ್ಲಬ್‌ಮುಖ ತುದಿಯಲ್ಲಿ ಪೂರಾ ಮುಚ್ಚಿದ್ದರೂ ಅವರು ಹೊಡೆಯುವುದು ಮೆಲ್ಲಗೆ ಬಲಕ್ಕೆ ವಾಲುವ ‘ಫೇಡ್’. ಸೊಂಟ ಮತ್ತು ಎದೆ ಅತಿ ವೇಗವಾಗಿ ಗುರಿಯತ್ತ ತಿರುಗಿ, ಹಿಡಿಕೆ ಚೆಂಡಿಗಿಂತ ಮುಂದೆ ಸಾಗಿದಾಗ ಮುಚ್ಚಿದ ಮುಖ ನೇರವಾಗುವುದೇ ಇದಕ್ಕೆ ಕಾರಣ. ಅಂಥ ದೇಹವೇಗವಿಲ್ಲದವರು ಆಕಾರವನ್ನಷ್ಟೇ ಎರವಲು ತಂದುಕೊಂಡರೆ, ಹೋಗನ್ ಅವರ ಗುಳಿಯನ್ನು ಎರವಲು ತಂದವರಿಗೆ ಆದದ್ದೇ ತಿರುಗುಮುರುಗಾಗಿ ಅವರಿಗೂ ಆಗುತ್ತದೆ.

ಗಾಯ-ನೋವಿನ ವಿಚಾರವನ್ನೂ ಮರೆಯುವಂತಿಲ್ಲ. ತುದಿಘಟ್ಟದಲ್ಲಿ ಎಡ ಹೆಬ್ಬೆರಳ ಬುಡದ ಸ್ನಾಯುರಜ್ಜುಗಳ ಮೇಲೆ ಎಳೆತ ಹೆಚ್ಚು. ಡಿ ಕರ್ವೆನ್ ಎಂಬ ಉರಿಯೂತ ಗಾಲ್ಫ್ ಆಟಗಾರರ ಎಡಗೈಯಲ್ಲಿ ಕಾಣಿಸಿಕೊಳ್ಳಲು ಇದೂ ಒಂದು ಕಾರಣವಾಗಬಹುದು. ಮಣಿಕಟ್ಟನ್ನು ಅದರ ಸಹಜ ಓರೆದಾರಿಯಿಂದ ಬಲವಂತವಾಗಿ ಹೊರಗೆಳೆಯುವ ಯಾವ ಅಭ್ಯಾಸವೂ, ಮಕ್ಕಳಲ್ಲಂತೂ, ಸಮರ್ಥನೀಯವಲ್ಲ.

ಪರೀಕ್ಷೆಯ ಕ್ರಮ ಸರಳವಾದುದು. ಆಟಗಾರರ ಹಿಂದೆ, ಗುರಿಯ ಗೆರೆಗೆ ನೇರವಾಗಿ, ಕೈಗಳ ಎತ್ತರದಲ್ಲಿ ಕ್ಯಾಮೆರಾ ಇಟ್ಟು ತುದಿಘಟ್ಟದ ಚಿತ್ರವನ್ನು ನಿಲ್ಲಿಸಿ ನೋಡಬೇಕು. ಕ್ಲಬ್‌ಮುಖ ಎಡ ಮುಂದೋಳಿಗೆ ಹೆಚ್ಚುಕಡಿಮೆ ಸಮಾಂತರವಾಗಿದ್ದರೆ, ಮಣಿಕಟ್ಟಿನಲ್ಲಿ ಗುಳಿಯಿರಲಿ ಇಲ್ಲದಿರಲಿ, ಅದನ್ನು ಮುಟ್ಟುವ ಕಾರಣವಿಲ್ಲ. ಮುಖ ತೆರೆದಿದ್ದು ಚೆಂಡು ಬಲಕ್ಕೆ ಹೋಗುತ್ತಿದ್ದರೆ, ಅಥವಾ ಮುಚ್ಚಿದ್ದು ಎಡಕ್ಕೆ ಹೋಗುತ್ತಿದ್ದರೆ, ಮೊದಲು ಹಿಡಿತವನ್ನು ತಿದ್ದಿ, ಆಮೇಲೂ ದೋಷ ಉಳಿದರೆ ಮಾತ್ರ ಮಣಿಕಟ್ಟಿಗೆ ಕೈ ಹಾಕಬೇಕು. 1876ರಲ್ಲೇ ಗಾಲ್ಫ್ ಕ್ಲಬ್ ಕಂಡ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಗಳಿಸಿದ ಅದಿತಿ ಅಶೋಕ್ ಅವರನ್ನು ಬೆಳೆಸಿದ ಬೆಂಗಳೂರಿನಲ್ಲಿ ಇಂದು ಎಳೆಯರು ಪ್ರಸಿದ್ಧರ ಬೀಸನ್ನು ಫೋನಿನ ಪರದೆಯಲ್ಲಿ ನೋಡಿ ಕಲಿಯುವುದು ಸುಲಭವಾಗಿದೆ. ಅವರಿಗೆ ಪಾಠ ಹೇಳುವ ತರಬೇತುದಾರರು ಜಾನ್ಸನ್ ಅಥವಾ ಹೋಗನ್ ಅವರ ಮಣಿಕಟ್ಟನ್ನು ತೋರಿಸುವ ಮೊದಲು, ಮಗುವಿನ ಎಡಗೈ ಹಿಡಿಕೆಯ ಮೇಲೆ ಹೇಗೆ ಕೂತಿದೆ ಎಂಬುದನ್ನು ತಪ್ಪದೆ ನೋಡಲಿ.