ಭೂಮಿ ಹುಣ್ಣಿಮೆಯೂ ಎಂಟು ಹಬ್ಬಗಳ ಚಕ್ರವೂ

ಭದ್ರಾವತಿಯಿಂದ ಲಕ್ಕವಳ್ಳಿಯ ಕಡೆಗೆ ಹೊರಟರೆ, ಅಣೆಕಟ್ಟು ಕಾಣುವುದಕ್ಕೆ ಸ್ವಲ್ಪ ಮೊದಲು ಶಂಕರಘಟ್ಟ ಸಿಗುತ್ತದೆ. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದಿಂದಾಗಿ ಈ ಊರಿನ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಈಗ ನಾನು ಹೇಳಹೊರಟಿರುವುದು ಆ ವಿದ್ಯಾಲಯದ ಮಾತನ್ನಲ್ಲ. ಆ ಸೀಮೆಯ ಗದ್ದೆಗಳಲ್ಲಿ ಆಶ್ವಯುಜ ಮಾಸದ ಹುಣ್ಣಿಮೆಯ ದಿನ ನಡೆಯುವ ಸೀಮಂತದ ಮಾತನ್ನು. ಸೀಮಂತ ಯಾರಿಗೆಂದರೆ, ಭೂಮಿಗೆ.

ಭತ್ತ ಹೊಡೆ ಬಿಚ್ಚುವ ಕಾಲವದು. ಪೈರಿನ ಹೊಟ್ಟೆ ದುಂಡಗಾಗಿರುತ್ತದೆ. ಕಾಳಿನೊಳಗೆ ಹಾಲು ತುಂಬಬೇಕಾಗಿದೆ. ಬಸುರಿ ಹೆಂಗಸಿಗೆ ಬಯಕೆಯ ಊಟ ಬಡಿಸುವಂತೆ ಭೂಮಿತಾಯಿಗೂ ಬಡಿಸಬೇಕೆಂಬುದು ಮಲೆನಾಡಿನ ಒಕ್ಕಲುಮನೆಗಳ ನಂಬಿಕೆ. ದೀವರ ಮನೆಗಳಲ್ಲಂತೂ ಹೆಂಗಸರು ಕೆಲವು ದಿನ ಮುಂಚೆಯೇ ಭೂಮಣ್ಣಿ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಪುಂಡಿ ನಾರನ್ನೇ ಕುಂಚ ಮಾಡಿಕೊಂಡು ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಹಿಂದಿನ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. ಕಡುಬು ಬೇಯುತ್ತದೆ, ಬಗೆಬಗೆಯ ಸೊಪ್ಪುಗಳನ್ನು ಕೂಡಿಸಿ ಹಚ್ಚಂಬಲಿ ಸಿದ್ಧವಾಗುತ್ತದೆ. ಬೆಳಕು ಹರಿಯುವ ಮುನ್ನ ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಕೂಗುತ್ತ ಆ ಹಚ್ಚಂಬಲಿಯನ್ನು ಪೈರಿನ ಮೇಲೆ ಬೀರುತ್ತಾರೆ. ಆಮೇಲೆ ಪೂಜೆ. ಮನೆಯಾಕೆಯ ಕರಿಮಣಿ ಸರವನ್ನು ಪೈರಿಗೆ ತೊಡಿಸುವುದೂ ಉಂಟು. ಒಂದು ಎಡೆ ಕಾಗೆಗೆ, ಒಂದು ಇಲಿಗೆ. ಬೆಳೆ ತಿನ್ನುವ ಇಲಿಯನ್ನೂ ಊಟಕ್ಕೆ ಕೂರಿಸುವ ಈ ಔದಾರ್ಯ ಎಲ್ಲರಿಗೂ ಬರುವಂಥದಲ್ಲ! ಕೆಲವೆಡೆ ಕಡುಬೊಂದನ್ನು ಗದ್ದೆಯಲ್ಲಿ ಹೂತಿಟ್ಟು, ಕೊಯ್ಲಿನ ದಿನ ಅಗೆದು ತೆಗೆಯುತ್ತಾರೆ. ಅಂದಿನ ಊಟ ಮನೆಮಂದಿಗೆಲ್ಲ ಗದ್ದೆಯ ಬದುವಿನ ಮೇಲೆಯೇ.

ಹಬ್ಬವನ್ನು ಲೆಕ್ಕ ಹಾಕುವುದು ಚಂದ್ರನಿಂದ. ಭತ್ತ ಬೆಳೆಯುವುದು ಸೂರ್ಯನಿಂದ, ಮಳೆಯಿಂದ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ. ಹಾಗೆಯೇ ಬಿಟ್ಟರೆ ಹುಣ್ಣಿಮೆ ವರ್ಷಕ್ಕೆ 11 ದಿನದಂತೆ ಹಿಂದೆ ಸರಿಯುತ್ತ, ಕೆಲವೇ ವರ್ಷಗಳಲ್ಲಿ ನಾಟಿಯ ಕೆಸರಿಗೇ ಬಂದು ನಿಲ್ಲುತ್ತಿತ್ತು. ಇದನ್ನು ತಡೆಯುವುದು ಅಧಿಕಮಾಸ. 2022ರಲ್ಲಿ ಈ ಹುಣ್ಣಿಮೆ ಅಕ್ಟೋಬರ್ 9ಕ್ಕೆ ಬಿತ್ತು. ಮರುವರ್ಷ ಅದು ಸೆಪ್ಟೆಂಬರ್ 29ಕ್ಕೆ ಸರಿಯಬೇಕಾಗಿತ್ತು. ನಡುವೆ ಅಧಿಕ ಶ್ರಾವಣ ಬಂದುದರಿಂದ ಅಕ್ಟೋಬರ್ 28ಕ್ಕೆ ಹೋಯಿತು. ಅಧಿಕಮಾಸದಲ್ಲಿ ಮದುವೆ ಮುಂದೆ ಹೋಯಿತೆಂದು ಪೇಚಾಡುವ ನಾವು, ಅದು ಗದ್ದೆಗೆ ಮಾಡುವ ಈ ಉಪಕಾರವನ್ನು ನೆನೆಯುವುದು ಕಡಮೆ.

ಇನ್ನು ಪಶ್ಚಿಮದ ಕಡೆ ತಿರುಗೋಣ. ಯೂರೋಪು, ಅಮೆರಿಕಗಳಲ್ಲಿ ಕ್ರೈಸ್ತಮತಕ್ಕೂ ಹಿಂದಿನ ದೇವತೆಗಳನ್ನು ಮತ್ತೆ ಆರಾಧಿಸುವ ಜನರಿದ್ದಾರೆ. ತಮ್ಮನ್ನು ಅವರು 'ಪೇಗನ್' ಎಂದು ಕರೆದುಕೊಳ್ಳುತ್ತಾರೆ. ಲ್ಯಾಟಿನ್ನಿನ 'ಪಗಾನುಸ್' ಎಂಬ ಮಾತಿನಿಂದ ಬಂದ ಈ ಹೆಸರಿಗೆ ಮೂಲದಲ್ಲಿ ಹಳ್ಳಿಯವನೆಂದೇ ಅರ್ಥ. ಇವರಲ್ಲಿ ಹಲವರು ವರ್ಷದ ಎಂಟು ಹಬ್ಬಗಳನ್ನು 'ವರ್ಷಚಕ್ರ' ಎಂದು ಆಚರಿಸುತ್ತಾರೆ: ಎರಡು ಅಯನಾಂತ್ಯ, ಎರಡು ವಿಷುವ, ಅವುಗಳ ನಡುವೆ ನಾಲ್ಕು. ಅಕ್ಟೋಬರ್ ಕೊನೆಯ ರಾತ್ರಿಯ 'ಸಾವಿನ್' ಸತ್ತವರನ್ನು ನೆನೆಯುವ ಹಬ್ಬ. ಆಗಸ್ಟ್ ಮೊದಲಲ್ಲಿ ಬರುವುದು ಕೊಯ್ಲಿನ ಹಬ್ಬ.

ಇದು ಎಷ್ಟು ಹಳೆಯದೆಂದು ನೀವು ಕೇಳಬಹುದು. ಬಿಡಿಬಿಡಿಯಾಗಿ ನೋಡಿದರೆ ಕೆಲವು ಹಬ್ಬಗಳು ಬಹಳ ಹಳೆಯವು. ಸಾವಿನ್ ಐರ್ಲೆಂಡಿನ ಮಧ್ಯಯುಗದ ಕಥೆಗಳಲ್ಲಿ ಬರುತ್ತದೆ. ಆದರೆ ಎಂಟನ್ನೂ ಒಂದೇ ಚಕ್ರಕ್ಕೆ ಜೋಡಿಸಿದ್ದು 1950ರ ದಶಕದ ಇಂಗ್ಲೆಂಡಿನಲ್ಲಿ. ಜೆರಾಲ್ಡ್ ಗಾರ್ಡ್‌ನರ್ ಮತ್ತು ರಾಸ್ ನಿಕೊಲ್ಸ್ ಎಂಬವರ ಬಳಗಗಳಲ್ಲಿ. ಶರದ್ ವಿಷುವಕ್ಕೆ 'ಮೇಬನ್' ಎಂಬ ಹೆಸರಿಟ್ಟವನು ಅಮೆರಿಕದ ಏಡನ್ ಕೆಲಿ, ಅದು 1974ರಲ್ಲಿ. ಅಂದರೆ ಆ ಹೆಸರು ಲಕ್ಕವಳ್ಳಿಯ ಅಣೆಕಟ್ಟಿಗಿಂತಲೂ ಎಳೆಯದು.

ಇದಕ್ಕೆ ಹೋಲಿಸಿ ನಮ್ಮ ಬಲಿಪಾಡ್ಯಮಿಯನ್ನು ನೋಡಿ. ಸುಮಾರು 1030ರಲ್ಲಿ ಹಿಂದೂದೇಶದ ವಿಷಯ ಬರೆದ ಅಲ್ ಬಿರೂನಿ, ಪಾತಾಳದಲ್ಲಿ ಸೆರೆಯಿರುವ ಬಲಿಯನ್ನು ಲಕ್ಷ್ಮಿ ವರ್ಷಕ್ಕೊಂದು ದಿನ ಬಿಡಿಸಿ ಭೂಮಿಗೆ ಕಳುಹಿಸುತ್ತಾಳೆಂಬ ನಂಬಿಕೆಯನ್ನೂ, ಜನ ಮಿಂದು ಹಬ್ಬದ ಉಡುಗೆ ಉಟ್ಟು, ವೀಳ್ಯ ಅಡಿಕೆ ಕೊಟ್ಟುಕೊಂಡು, ರಾತ್ರಿ ದೀಪ ಹಚ್ಚುವುದನ್ನೂ ದಾಖಲಿಸಿದ್ದಾನೆ. ಅವನು ಕಂಡದ್ದು ಉತ್ತರದ ಸೀಮೆ. ತೀರ್ಥಹಳ್ಳಿ, ಹೊಸನಗರ, ಸಾಗರಗಳ ಕಡೆ ಅದೇ ಬಲೀಂದ್ರನನ್ನು ಹಾಡುತ್ತ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ರಾತ್ರಿಯೆಲ್ಲ ಮನೆಮನೆಗೆ ತಿರುಗುತ್ತಾರೆ. ಮನೆಯವರು ದೀಪಕ್ಕೆ ಎಣ್ಣೆ ಎರೆಯುತ್ತಾರೆ.

ಹೊಸದೆಂದ ಮಾತ್ರಕ್ಕೆ ಪಶ್ಚಿಮದವರ ಚಕ್ರವನ್ನು ಹಗುರಾಗಿ ಕಾಣಬೇಕಾಗಿಲ್ಲ. ಋತುವಿನ ವಿಚಾರದಲ್ಲಿ ಅವರು ನಮಗಿಂತ ಕಟ್ಟುನಿಟ್ಟು. ಆಸ್ಟ್ರೇಲಿಯದಲ್ಲಿರುವ ಇಂಥವರಲ್ಲಿ ಅನೇಕರು ತಾರೀಖುಗಳನ್ನೇ ತಿರುಗಿಸಿಕೊಂಡು, ಡಿಸೆಂಬರಿನ ಚಳಿಹಬ್ಬವನ್ನು ಜೂನಿನಲ್ಲಿ ಮಾಡುತ್ತಾರೆ. ನಾವೋ, ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ ಎಂದು ತಿಳಿದಿದ್ದರೂ ಉತ್ತರಾಯಣದ ಪುಣ್ಯಕಾಲವನ್ನು ಮಕರ ಸಂಕ್ರಾಂತಿಯಂದೇ ಮಾಡುತ್ತೇವೆ. ಸುಮಾರು 1700 ವರ್ಷಗಳ ಹಿಂದೆ ಎರಡೂ ಕೂಡಿದ್ದವು. ಸುಮಾರು 72 ವರ್ಷಕ್ಕೊಂದು ದಿನದಂತೆ ದೂರವಾದವು. ಮೇಘನಾದ ಸಹಾ ಅವರ ಸಮಿತಿಯ ಶಿಫಾರಸಿನಂತೆ 1957ರಲ್ಲಿ ಸಾಯನ ಲೆಕ್ಕದ ರಾಷ್ಟ್ರೀಯ ಪಂಚಾಂಗವೇನೋ ಜಾರಿಗೆ ಬಂತು. ಎಳ್ಳುಬೆಲ್ಲ ಮಾತ್ರ ಜಗ್ಗಲಿಲ್ಲ.

ಭೂಮಿ ಹುಣ್ಣಿಮೆಗೆ ಬಂದಿರುವ ತೊಡಕೇ ಬೇರೆ. ತಾರೀಖು ಅಲ್ಲೇ ಇದೆ, ಗದ್ದೆ ಕದಲುತ್ತಿದೆ. 1947ರಲ್ಲಿ ಆರಂಭವಾಗಿ 1960ರ ದಶಕದಲ್ಲಿ ಮುಗಿದ ಭದ್ರಾ ಅಣೆಕಟ್ಟಿನಿಂದ ಕಾಲುವೆಯ ನೀರು ಬಂತು, ಭತ್ತ ಹಿಗ್ಗಿತು. ಮುಂದೆ ಅದೇ ನೀರಿನ ಆಸರೆಯಲ್ಲಿ ಭದ್ರಾವತಿ, ಶಿವಮೊಗ್ಗ, ಚನ್ನಗಿರಿ ತಾಲ್ಲೂಕುಗಳ ಅನೇಕ ಗದ್ದೆಗಳು ಅಡಿಕೆ ತೋಟಗಳಾದವು. ಅಡಿಕೆ ಹೊಡೆ ಬಿಚ್ಚುವುದು ಈ ಹುಣ್ಣಿಮೆಗಲ್ಲ. ಆಗ ಅಲ್ಲಿ ಬಸುರಿಲ್ಲ, ಗೊನೆ ಇಳಿಸುವ ಗಡಿಬಿಡಿ. ಆದರೂ ಹಲವರು ಅಡಿಕೆ ಮರದ ಬುಡದಲ್ಲಿಯೇ ಎಡೆಯಿಟ್ಟು ಭೂಮಿಪೂಜೆ ಮಾಡುತ್ತಾರೆ. ಇದು ಮರೆವಲ್ಲ, ಹೊಂದಾಣಿಕೆ ಎಂದೇ ನನ್ನ ಎಣಿಕೆ: ಬೆಳೆ ಯಾವುದಾದರೂ ಉಣ್ಣಿಸಬೇಕಾದುದು ನೆಲಕ್ಕಲ್ಲವೆ? ಆದರೆ ಬಯಕೆಯ ಊಟವೆಂಬ ಮಾತಿಗೆ ಅಲ್ಲಿ ಹಿಡಿಯಲು ಪೈರಿಲ್ಲ. ಭೂಮಣ್ಣಿ ಬುಟ್ಟಿಯ ಚಿತ್ತಾರವೂ ಪಟ್ಟಣದ ಗೋಡೆಗಳನ್ನು ಸೇರಿ ಮೆಚ್ಚುಗೆ ಪಡೆಯುತ್ತಿದೆ; ಗೋಡೆಯ ಬುಟ್ಟಿಯಲ್ಲಿ ಕಡುಬು ಇರುವುದಿಲ್ಲ.

ನಿಮ್ಮ ನೆಂಟರಲ್ಲಿ ಯಾರಾದರೂ ಇನ್ನೂ ಭತ್ತದ ಗದ್ದೆ ಉಳಿಸಿಕೊಂಡಿದ್ದರೆ, ಬರುವ ಆಶ್ವಯುಜದ ಹುಣ್ಣಿಮೆಗೆ ಹಿಂದಿನ ಸಂಜೆಯೇ ಅಲ್ಲಿಗೆ ಹೋಗಿ. ಹಚ್ಚಂಬಲಿ ಬೀರುವುದು ಬೆಳಕು ಹರಿಯುವ ಮುನ್ನವೇ ಮುಗಿದಿರುತ್ತದೆ. ಬೆಳಗಿನ ಬಸ್ಸಿಗೆ ಹೋದವರಿಗೆ ಸಿಗುವುದು ಊಟ ಮಾತ್ರ.